ಸನ್ಮಾನಕ್ಕೊಂದು ಜೋಡಿ

ಶಾಂತವ್ವ ನಮ್ಮೂರಿನ ದಾಂಪತ್ಯ ಸಲಹಾ ಕೇಂದ್ರದಲ್ಲಿ ಕಸ ಗುಡಿಸುವವಳು. ವರ್ಷಕ್ಕೊಮ್ಮೆ ಮುಖ ತೋರಿಸುವ ಅಧ್ಯಕ್ಷ ವೀರಭದ್ರಪ್ಪ ಆಕೆಯ ಮೇಲೆ ಗುಡುಗಿದರು: "ನಾವು ಒಂದು ಮಾಡಿದ ಜೋಡಿ ನಾಳೆ ಸನ್ಮಾನಕ್ಕ ವೇದಿಕೆ ಮ್ಯಾಲೆ ಬೇಕು. ಇಲ್ಲಾಂದ್ರ ನಿನಗ ಕೆಲಸ ಇಲ್ಲ."

ಬಂದ ಜೋಡಿಗಳೆಲ್ಲ ಬೇರೆಯಾಗಿದ್ದವು. ಸಲಹೆಗೆ ಬಂದವರಲ್ಲಿ ಗಂಡನನ್ನು ಬಿಡದೆ ಉಳಿದವಳು ಒಬ್ಬಳೇ. ಶಾಂತವ್ವ ಆಕೆಯನ್ನು ಬೇಡಿಕೊಂಡಳು. ಆಕೆ "ಆತು, ಬರ್ತೀನಿ" ಎಂದಳು.

ಮರುದಿನ ಅಧ್ಯಕ್ಷರು ಹಾರ ಹಿಡಿದು ನಿಂತರು. ವೇದಿಕೆ ಹತ್ತಿದವಳು ಅವರ ಹೆಂಡತಿ ಅನ್ನಪೂರ್ಣಾ.

"ಈಕೆಯ ಗಂಡ ಎಲ್ಲಿ?" ಎಂದರು ಮುಖ್ಯ ಅತಿಥಿ.

"ಹಾರ ಹಿಡಕೊಂಡು ನಿಂತಾರಲ್ರಿ" ಎಂದಳು ಶಾಂತವ್ವ.

ಸಭೆ ನಕ್ಕಿತು. ಅನ್ನಪೂರ್ಣಾ ನಗಲಿಲ್ಲ. "ಮೂರು ವರ್ಷದಿಂದ ಪ್ರತಿ ಗುರುವಾರ ಇಲ್ಲಿಗೆ ಬರಾಕತ್ತೀನ್ರಿ," ಎಂದಳು ಗಂಡನಿಗೆ. "ಎಲ್ಲಿ ಹೋಗ್ತಿ ಅಂತ ಒಮ್ಮೆನೂ ಕೇಳಲಿಲ್ಲ ನೀವು."

ಅಧ್ಯಕ್ಷರು ಹಾರ ಎತ್ತಿದರು. ಆಕೆ ತಲೆ ಬಾಗಿಸಲಿಲ್ಲ.