ಅಕ್ಕಿ ಅಳೆದ ಉಪ್ಪಿನ ಗಣಪಿ

ಪೂಜ್ಯ ನೀರಜಾನಂದ ಸ್ವಾಮಿಗಳು ಆ ವರ್ಷ ಅಳಿವೆಯ ನಡುವಿನ ಒಂದು ಸಣ್ಣ ಕುರ್ವೆಯಲ್ಲಿ, ಅಂದರೆ ನಡುಗಡ್ಡೆಯಲ್ಲಿ, ಉಪ್ಪಿನ ಆಗರದ ಪಕ್ಕ, ತೆಂಗಿನ ಮಡಲು ಹೊದಿಸಿದ ಗುಡಿಸಲಿನಲ್ಲಿ ತಂಗಿದ್ದರು. ಸುತ್ತಲೂ ಉಪ್ಪುನೀರಿದ್ದ ಆ ನೆಲದಲ್ಲಿ ಭತ್ತ ಬೆಳೆಯುತ್ತಿರಲಿಲ್ಲ. ಹೊಳೆಯ ಮೇಲ್ಭಾಗದ ಊರುಗಳಿಂದ ದೋಣಿಯಲ್ಲಿ ಅಕ್ಕಿ ಬರುತ್ತಿತ್ತು. ಕುರ್ವೆಯವರು ಉಪ್ಪು ಕೊಟ್ಟು ಅಕ್ಕಿ ಪಡೆಯುತ್ತಿದ್ದರು. ಅವರವರ ಸರಕನ್ನು ಅವರವರೇ ಅಳೆದು ಕೊಡುವುದು ಅಲ್ಲಿಯ ರೂಢಿ.

ಉಪ್ಪು ತೆಗೆಯುವ ಗಣಪಿಗೆ ಮಾತ್ರ ದೋಣಿಯಲ್ಲಿ ಅಕ್ಕಿ ತರುವ ಕುಪ್ಪ ಗೌಡನ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಅವಳ ಅಕ್ಕಿ ಮಡಕೆಯ ತಳ ಕಾಣುತ್ತಿತ್ತು. ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚಿದ್ದು ಲೆಕ್ಕಕ್ಕೆ ಬರಲಿಲ್ಲ. ಎಲ್ಲ ಗೌಡನ ಕೈಚಳಕವೆಂದೇ ಗಟ್ಟಿ ಮಾಡಿಕೊಂಡಳು. ಅವನು ನಕ್ಕರೆ ಅನುಮಾನ, ಸುಮ್ಮನಿದ್ದರೆ ಇನ್ನೂ ಅನುಮಾನ. ಮಳೆಗೆ ಮುಂಚಿನ ಕೊನೆಯ ದೋಣಿ ಬಂದ ದಿನ ಜಗಳ ತೆಗೆದೇಬಿಟ್ಟಳು. ನೊಂದ ಗೌಡ ಮೂಟೆಗಳನ್ನು ಮತ್ತೆ ದೋಣಿಗೇರಿಸತೊಡಗಿದ. ಅವನು ಹೋದರೆ ಮಳೆಗಾಲವಿಡೀ ಮಕ್ಕಳಿಗೆ ಗಂಜಿಯಿಲ್ಲ. ಹೆದರಿದ ಗಣಪಿ ಸ್ವಾಮಿಗಳ ಬಳಿಗೆ ಓಡಿದಳು. ಅಲ್ಲಿ ಗೌಡ ಕಾಣಿಕೆಯಾಗಿ ಇಟ್ಟಿದ್ದ ಬಾಳೆಗೊನೆ ಕಣ್ಣಿಗೆ ಬಿದ್ದದ್ದೇ ತಡ, ಇವರೂ ಅವನ ಕಡೆಯವರೇ ಎಂದು ಅವಳ ಮನಸ್ಸು ಕಹಿಯಾಯಿತು.

“ಸ್ವಾಮ್ಯೋರೇ, ಅಂವ ಅಳತೆಲಿ ಮೋಸ ಮಾಡ್ತ. ನಾ ಹೆಂಗೆ ನಂಬೂದು?”

ಸ್ವಾಮಿಗಳು ಎದ್ದು ದೋಣಿ ನಿಲ್ಲುವ ದಕ್ಕೆಗೆ ಬಂದರು. ಗೌಡನನ್ನು ತಡೆದು ನಿಲ್ಲಿಸಿ, “ತಾಯಿ, ಇಂದು ಇವನ ಅಕ್ಕಿಯನ್ನು ನೀನೇ ಅಳೆದುಕೋ” ಎಂದರು, ಅಷ್ಟೇ.

ಗಣಪಿ ಸೇರು ಕಸಿದುಕೊಂಡಳು. ಗೌಡನ ಕೈಯ ಮೇಲೇ ಕಣ್ಣಿಟ್ಟು ಅಕ್ಕಿ ತುಂಬತೊಡಗಿದಳು.

“ಗಣಪಕ್ಕ, ಬೆರಳು ತೆಗೀರಿ. ನಿಮ್ಮ ಅಕ್ಕಿನೇ ಕಮ್ಮಿ ಆಗ್ತದಲ್ರಾ!” ಎಂದ ಗೌಡ.

ಅವಳು ಕೆಳಗೆ ನೋಡಿದಳು. ಹೆಬ್ಬೆರಳು ಬುಡದವರೆಗೆ ಸೇರಿನೊಳಗಿತ್ತು. ಉಪ್ಪು ಅಳೆಯುವಾಗ ಅದನ್ನು ಹೀಗೆ ಇಳಿಬಿಟ್ಟು, ಪ್ರತಿ ಸೇರಿನಲ್ಲೂ ಒಂದಿಷ್ಟು ಉಳಿಸಿಕೊಳ್ಳುವುದು ಅವಳ ಹಳೆಯ ಚಾಳಿ. ಕೈ ಈಗಲೂ ತಾನಾಗಿಯೇ ಅದನ್ನು ಮಾಡಿತ್ತು. ತಾನು ಮಾಡುವುದನ್ನೇ ಅವನೂ ಮಾಡುತ್ತಾನೆಂದು ಇಷ್ಟು ವರ್ಷ ನಂಬಿದ್ದಳು. ನಾಚಿಕೆಯಿಂದ ಅವಳಿಗೆ ತಲೆಯೆತ್ತಲಾಗಲಿಲ್ಲ. ಸ್ವಾಮಿಗಳು ಗದರಲಿಲ್ಲ, ಕರುಣೆಯಿಂದ ನೋಡುತ್ತ ನಿಂತರು.

ಗಣಪಿ ಸೇರನ್ನು ಎರಡೂ ಕೈಯಲ್ಲಿ ಗೌಡನ ಮುಂದೆ ಹಿಡಿದಳು. “ಉಪ್ಪು ನೀನೇ ಅಳ್ಕೊ, ತಮ್ಮ.”

“ನಾ ಎಂತಕ್ಕೆ? ನಿಮ್ಮ ಅಳತೆ ನಾ ಯಾವತ್ತಾದ್ರೂ ನೋಡಿದ್ದುಂಟ, ಅಕ್ಕ?”

ಆ ಮಾತಿಗೆ ಅವಳು ಮರಳಿನ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ತನ್ನ ಕಳ್ಳತನವನ್ನೆಲ್ಲ ಬಾಯಿಬಿಟ್ಟು ಹೇಳಿದಳು. ಆಮೇಲೆ ಸ್ವಾಮಿಗಳ ಪಾದ ಹಿಡಿಯಲು ಬಂದಾಗ ಅವರು ಹಿಂದೆ ಸರಿದು ಗೌಡನ ಕಡೆ ಕೈ ತೋರಿದರು. ಗಣಪಿ ಅವನತ್ತ ತಿರುಗಿ ಕೈಮುಗಿದಳು.