ಹೊನ್ನಿಯ ಏಡಿ ಬಯಕೆ

ಕಾಲು ಒದೀಬೇಡ, ಕಂಬಳಿ ಸರಿಯಾಗಿ ಹೊದ್ಕೊ. ಕತೆ ಹೇಳ್ತೀನಿ, ಆದ್ರೆ ನಡುವೆ ಬಾಯಿ ಹಾಕಿದ್ರೆ ಅಲ್ಲಿಗೇ ನಿಲ್ಸಿಬಿಡ್ತೀನಿ. ಒಂದಾನೊಂದು ಕಾಲದಲ್ಲಿ, ಹೆಂಗಸು ಹೇಳಿದ ಮಾತು ಗಂಡಸಿನ ಕಿವಿಗೆ ಹೋಗದಿದ್ದ ಕಾಲದಲ್ಲಿ, ಅಂದ್ರೆ ಈಗಿನ ಹಾಗೇ ಅಂತಿಟ್ಕೊ, ಒಂದು ಹಳ್ಳದ ಪಕ್ಕ ಒಂದು ಮನೆ ಇತ್ತಂತೆ. ಆ ಮನೇಲಿ ಅಣ್ಣತಮ್ಮಂದಿರು ಮೂವರು, ದ್ಯಾವ, ಮಂಚ, ಬೋರ. ಅವರವ್ವ ಒಬ್ಳು. ಕೊನೆಯವನು ಬೋರ, ಅವನ ಹೆಂಡ್ತಿ ಹೊನ್ನಿ. ಮೊದಲಿಬ್ರಿಗೆ ಇನ್ನೂ ಯಾರೂ ಹೆಣ್ಣು ಕೊಟ್ಟಿರ್ಲಿಲ್ವಂತೆ, ಯಾಕೆ ಅಂತ ಕೇಳ್ಬೇಡ, ನಿಂಗೇ ತಿಳಿಯುತ್ತೆ.

ಹೊನ್ನಿಗೆ ಆರು ತಿಂಗಳು ತುಂಬಿತ್ತು. ಮುದ್ದೆ ಕಂಡ್ರೆ ವಾಕರಿಕೆ, ಸೊಪ್ಪು ಕಂಡ್ರೆ ವಾಕರಿಕೆ, ಎರಡು ಗುಟುಕು ಗಂಜಿ ಬಿಟ್ರೆ ಹೊಟ್ಟೇಲಿ ಏನೂ ನಿಲ್ತಿರ್ಲಿಲ್ವಂತೆ. ಕೈಕಾಲು ಕಡ್ಡಿ ಆಗೋಯ್ತು. ಅವಳಿಗೆ ಬೇಕಿದ್ದದ್ದು ಒಂದೇ, ಏಡಿ ಸಾರು. ಹುಟ್ಟಿದೂರಲ್ಲಿ ಅವಳಪ್ಪ ಏಡಿ ಹಿಡಿಯೋನು, ಅವಳಿಗೆ ಅದರ ಮರ್ಮವೆಲ್ಲ ಗೊತ್ತು. ಆದ್ರೆ ಈ ಮನೇಲಿ ಬಸುರಿ ಹೆಂಗಸು ನೀರಿನ ದಂಡೆಗೆ ಹೋಗೋ ಹಾಗಿಲ್ಲ ಅಂತ ಕಟ್ಟಳೆ. ಹಾಗಾಗಿ ಅವಳು ಬಾಯಿಬಿಟ್ಟು ಕೇಳಿದ್ಲಂತೆ, ಯಾರಾದ್ರೂ ಒಂದೆರಡು ಏಡಿ ಹಿಡ್ಕೊಂಡು ಬನ್ನಿ, ಇಲ್ದಿದ್ರೆ ನಾನೂ ಉಳಿಯೋದಿಲ್ಲ, ಒಳಗಿರೋದೂ ಉಳಿಯೋದಿಲ್ಲ ಅಂತ.

ಮೊದಲು ದ್ಯಾವ ಎದ್ದ. ಹೊನ್ನಿ ಹೇಳಿದ್ಲು, ಭಾವ, ನೆನ್ನೆ ತಾನೇ ಹುಣ್ಣಿಮೆ ಆಗಿದೆ, ಬೆಳದಿಂಗಳಲ್ಲಿ ಏಡಿ ತನ್ನ ನೆರಳಿಗೆ ತಾನೇ ಹೆದರಿ ಮೇಯೋದು ಬಿಡುತ್ತೆ, ಒಳಗೆ ಬರೀ ನೀರಿರುತ್ತೆ, ಅಮಾಸೆ ಹತ್ರಕ್ಕೆ ಬರಲಿ ಅಂತ. ಏಡಿ ವಿಚಾರ ನೀನು ನನಗೆ ಹೇಳ್ಕೊಡ್ತೀಯ ಅಂತ ಅವನು ಹೋದೋನೇ ಬುಟ್ಟಿ ತುಂಬ ತಂದು ಸುರಿದ. ಮೀಸೆ ಬೇರೆ ತಿರುವಿದನಂತೆ. ಕುಟ್ಟಿ, ಹಿಂಡಿ, ಸಾರು ಮಾಡಿದ್ರೆ ಕಾಲು ತೊಳೆದ ನೀರಿನ ಹಾಗಿತ್ತು. ಹೊನ್ನಿ ಒಂದು ಗುಟುಕು ಕುಡಿದು ಬಟ್ಟಲು ಪಕ್ಕಕ್ಕಿಟ್ಟು, ಅಮಾಸೆಗೆ ಎಷ್ಟು ದಿನ ಅಂತ ಬೆರಳು ಮಡಿಸಿದ್ಲಂತೆ.

ಆಮೇಲೆ ಒಂದು ಹತ್ತು ದಿನ ಕಳೆದು ಮಂಚ ಹೊರಟ. ಹೊನ್ನಿ ಅವನಿಗೂ ಬಿಡಿಸಿ ಹೇಳಿದ್ಲು, ಬಿಲದ ಬಾಯಲ್ಲಿ ಹಸಿ ಮಣ್ಣು ಗುಡ್ಡೆ ಹಾಕಿದ್ರೆ ಅದು ಏಡಿ, ಬಾಯಿ ನುಣ್ಣಗೆ ಸಾರಿಸಿದ ಹಾಗಿದ್ರೆ ಅದು ಹಾವು, ಕೈ ಇಡಬೇಡಿ ಅಂತ. ಹೂಂ ಹೂಂ ಅಂದ. ಹಳ್ಳಕ್ಕೆ ಹೋದೋನಿಗೆ ಮಣ್ಣಿನ ಬಿಲ ಕಂಡು ಅಸಹ್ಯ ಆಯ್ತಂತೆ, ಕೈ ಕೆಸರಾಗುತ್ತೆ ಅಂತ ನುಣ್ಣಗಿರೋ ಬಿಲ ಹುಡುಕಿ ಹುಡುಕಿ ಕೈ ಹಾಕಿದ. ಏನು ಹೇಳ್ಲಿ ಇಂಥೋನಿಗೆ. ಒಳಗಿಂದ ಒಂದು ಒಳ್ಳೆ ಹಾವು, ವಿಷವಿಲ್ಲ ಏನಿಲ್ಲ, ಸುಮ್ನೆ ಹೊರಗೆ ಬಂತು. ಇವನು ಅಲ್ಲಿಂದ ಓಡಿ ಬಂದು ಮಲಗಿದೋನು ಏಳಲೇ ಇಲ್ವಂತೆ. ಅವನವ್ವ ದಿನಾ ಒಂದು ಕೋಳಿ ಕೊಯ್ಯೋಳು, ಮೆಣಸಿನ ಸಾರು ಮಾಡೋಳು, ಹೊನ್ನಿ ಕೂತು ಒಲೆ ಊದೋಳು. ಬಸುರಿ ಯಾರು, ಬಾಣಂತನ ಯಾರಿಗೆ, ನೀನೇ ಹೇಳು.

ಕೊನೆಗೆ ಗಂಡ ಬೋರ ಹೋದ. ಇವನು ಹೇಳಿದ್ದು ಕೇಳೋನು, ಪಾಪ, ಸರಿಯಾದ ಬಿಲಕ್ಕೇ ಕೈ ಹಾಕಿ ಅಂಗೈಯಗಲದ ಏಡಿ ಹಿಡಿದ. ಆದ್ರೆ ಅವರ ವಂಶದಲ್ಲಿ ಹಳ್ಳದಿಂದ ಮೊದಲು ಸಿಕ್ಕಿದ್ದು ಗಂಗಮ್ಮನಿಗೆ ವಾಪಸ್ಸು ಬಿಡಬೇಕು. ತಾನು ಮುಖ ತೊಳೆದ, ಏಡಿಗೆ ಅರಿಶಿನ ಹಚ್ಚಿದ, ಊದಿನಕಡ್ಡಿ ಹಚ್ಚಿದ, ಕೈ ಮುಗಿದು ನೀರಿಗೆ ಬಿಟ್ಟ. ಅಷ್ಟೊತ್ತಿಗೆ ಬಿಸಿಲೇರಿ ಮಿಕ್ಕ ಏಡಿಗಳು ಆಳಕ್ಕೆ ಇಳಿದಿದ್ವು. ಬರಿಗೈಲಿ ಬಂದ. ಮಾರನೇ ದಿನ ಹೋದ, ಅವತ್ತಿನ ಮೊದಲನೇದು ಅಂತ ಅದನ್ನೂ ಬಿಟ್ಟ. ಮೂರನೇ ದಿನವೂ ಅದೇ. ಬಂದು ಹೊನ್ನಿ ಮುಂದೆ ಕೂತು, ಎಂಥಾ ಏಡಿ ಅಂತೀಯ, ಕೊಂಡಿ ಇಷ್ಟು ದಪ್ಪ, ಅಂತ ಖುಷಿಯಾಗಿ ಕೈಯಗಲಿಸಿ ತೋರಿಸಿದನಂತೆ. ಹೊನ್ನಿ ಬಾಯಲ್ಲಿ ನೀರೂರಿತು, ಕಣ್ಣಲ್ಲೂ ಊರಿತು. ಮೂರು ದಿನ ಬಿಟ್ಯಲ್ಲ, ಅದು ಹೆಣ್ಣೋ ಗಂಡೋ ಅಂತ ಮಗುಚಿ ನೋಡಿದ್ಯಾ ಅಂದ್ಲು. ದೇವರ ಪಾಲನ್ನ ಯಾರಾದ್ರೂ ಮಗುಚಿ ನೋಡ್ತಾರಾ ಅಂದನಂತೆ ಮಹಾರಾಯ.

ಅವಳು ಹಣೆ ಚಚ್ಚಿಕೊಂಡ್ಲು. ಎದ್ದಳು, ಬುಟ್ಟಿ ಹಿಡಿದ್ಲು, ಒಂದು ಕೋಲು ತಗೊಂಡ್ಲು, ಮಂಚನಿಗೆ ಕೊಯ್ದ ಕೋಳಿ ಕರುಳು ಎಲೇಲಿ ಕಟ್ಟಿಕೊಂಡ್ಲು. ಅತ್ತೆ ಬಾಗಿಲಿಗೆ ಅಡ್ಡ ನಿಂತು ಎಲ್ಲಿಗೆ ಅಂತ ಕೇಳಿದ್ಲು. ಹಳ್ಳಕ್ಕೆ. ಬಸುರಿ ಹೋಗಬಾರದು ಅಂದ್ಲು ಅತ್ತೆ. ಹಂಗಾದ್ರೆ ಹೋಗೋನು ಯಾವನು ಇದಾನೆ, ತೋರಿಸಿ ಅತ್ತೆ ಅಂದ್ಲಂತೆ. ಅತ್ತೆ ತಿರುಗಿ ನೋಡಿದ್ಲು. ಒಬ್ಬ ಮೀಸೆ ತಿರುವ್ತಾ ಕೂತಿದ್ದ, ಒಬ್ಬ ಕೋಳಿ ಕಾಲು ಚೀಪ್ತಾ ಇದ್ದ, ಒಬ್ಬ ನಾಳೆ ಪೂಜೆಗೆ ಅರಿಶಿನ ತೇಯ್ತಾ ಇದ್ದ. ಮುದುಕಿ, ಗಾಳಿ ಸೋಕದಿರಲಿ ಅಂತ ಬೇವಿನ ಸೊಪ್ಪು ಸೊಂಟಕ್ಕೆ ಸಿಕ್ಕಿಸ್ಕೊಂಡು ಸೊಸೆ ಹಿಂದೆ ಹೊರಟಳಂತೆ, ದಾರಿಯುದ್ದಕ್ಕೂ ಗೊಣಗ್ತಾ.

ಹೊನ್ನಿ ನೀರಿಗೆ ಇಳೀಲಿಲ್ಲ. ಬಂಡೆ ಮೇಲೆ ಕೂತು, ಕೋಲಿನ ತುದಿಗೆ ನಾರು ಬಿಗಿದು ಕರುಳು ಕಟ್ಟಿ, ಬಂಡೆ ಸಂದೀಲಿ ಇಳಿಬಿಟ್ಲು. ಸ್ವಲ್ಪ ಹೊತ್ತಿಗೆ ನಾರು ಬಿಗಿಯಾಯ್ತು. ಏಡಿ ಹಿಡಿದ್ರೆ ಬಿಡೋ ಜಾತಿ ಅಲ್ಲ, ಮೆಲ್ಲಗೆ ಎತ್ತಿದ್ರೆ ಜೊತೇಲೇ ಬಂತು. ಅವಳು ಬೆನ್ನು ಹಿಡಿದು ಮಗುಚಿ ನೋಡಿದ್ಲು. ಹೊಟ್ಟೆ ಮುಚ್ಚಳದ ಕೆಳಗೆ ರಾಗಿ ಕಾಳಿನಷ್ಟು ಮರಿಗಳು, ಒಂದರ ಮೇಲೊಂದು ಮಿಜಿಮಿಜಿ ಅಂತಿದ್ವಂತೆ. ಎಷ್ಟೋ ದಿನದಿಂದ ಹಸಿದೋಳು, ಕೈಲಿರೋ ಏಡಿ ನೋಡ್ತಾ ಕೂತುಬಿಟ್ಲು. ಅವಳ ಬತ್ತಿದ ಮುಖ ನೋಡಿ ಅತ್ತೆಗೆ ತಡೀಲಿಲ್ಲ. ಬುಟ್ಟಿಗೆ ಹಾಕೆ ಹುಡುಗಿ, ಗಂಗಮ್ಮನಿಗೆ ನಾನು ಜವಾಬು ಹೇಳ್ತೀನಿ ಅಂದ್ಲು. ಗಂಗಮ್ಮನಿಗಲ್ಲ ಅತ್ತೆ, ಇವಳೂ ನನ್ನಂಗೇ ಹೊತ್ಕೊಂಡವಳೆ ಅಂತ ಹೊನ್ನಿ ಬಗ್ಗಿ ನೀರಿಗೆ ಬಿಟ್ಲಂತೆ. ನಮ್ಮಪ್ಪ ಮೊದಲನೇದನ್ನ ಅಲ್ಲ, ಇಂಥವನ್ನೆಲ್ಲ ಬಿಡೋನು ಅಂದ್ಲು.

ಆಮೇಲೆ ಅತ್ತೆ ಗೊಣಗಲಿಲ್ಲ. ಪಕ್ಕದಲ್ಲೇ ಕೂತು, ಇನ್ನೊಂದು ಕೋಲು ಮುರ್ಕೊಂಡು, ಹೇಗೆ ಕಟ್ಟೋದು ತೋರಿಸು ಅಂದ್ಲಂತೆ. ಬಿಸಿಲಿಳಿಯೋ ಹೊತ್ತಿಗೆ ಅರ್ಧ ಬುಟ್ಟಿ, ಎಲ್ಲ ಕೊಬ್ಬಿದ ಗಂಡು ಏಡಿ.

ಮನೆಗೆ ಬಂದು ಒರಳಲ್ಲಿ ಕುಟ್ಟಿ, ರಸ ಹಿಂಡಿ, ಮೆಣಸು ಬೆಳ್ಳುಳ್ಳಿ ಅರೆದು ಹಾಕಿದ್ರೆ ಘಮ ಅಂದ್ರೆ ಘಮ. ಮೂವರೂ ತಟ್ಟೆ ಹಿಡ್ಕೊಂಡು ಸಾಲಾಗಿ ಕೂತರು. ಆ ಮನೇಲಿ ಗಂಡಸರು ಉಂಡು ಮಿಕ್ಕಿದ್ದು ಹೆಂಗಸರಿಗೆ. ಅವತ್ತು ಅತ್ತೆ ಮಡಕೆ ಎತ್ತಿಕೊಂಡು ಅವರನ್ನ ದಾಟ್ಕೊಂಡು ಹೋಗಿ ಹೊನ್ನಿ ಮುಂದೆ ಇಟ್ಲಂತೆ. ಅವ್ವ, ನಮಗೆ ಅಂದ ದ್ಯಾವ. ಉಪ್ಪಿನಕಾಯಿ ಇದೆ, ನೆಕ್ಕೊ ಅಂದ್ಲು. ಹೊನ್ನಿ ಒಂದು ಬಟ್ಟಲು ಕುಡಿದ್ಲು, ಒಳಗೆ ನಿಂತಿತು. ಇನ್ನೊಂದು ಕುಡಿದ್ಲು, ಅದೂ ನಿಂತಿತು. ಅತ್ತೆ ನೋಡ್ತಾ ನೋಡ್ತಾ ಸೆರಗಲ್ಲಿ ಮೂಗು ಒರೆಸಿಕೊಂಡು, ಈ ಮೂವರನ್ನ ಹೊತ್ತಾಗ್ಲೂ ನಾನು ಇದನ್ನೇ ಬಯಸಿದ್ದೆ ಕಣೆ, ಮೂರು ಸಲವೂ ಯಾರೂ ತಂದು ಕೊಡ್ಲಿಲ್ಲ ಅಂದ್ಲಂತೆ.

ಹೊನ್ನಿ ಮೂರನೇ ಬಟ್ಟಲು ತುಂಬಿ ಅತ್ತೆ ಕೈಗೆ ಕೊಟ್ಲು. ಇಬ್ರೂ ಒಂದೇ ಮಡಕೇಲಿ ಉಂಡು, ಸುಖವಾಗಿದ್ರಂತೆ. ನಮ್ಮ ಕತೆ ಇಲ್ಲಿಗೆ ಮುಗೀತು, ನಿನ್ನ ನಿದ್ದೆ ಎಲ್ಲೋಯ್ತು, ಮುಚ್ಚು ಕಣ್ಣು.