ಕಮಾನು ಗಾಡಿಯ ತೂಗುದೀಪ

ಜಡೆಯಪ್ಪ ಗುರುಗಳ ಎತ್ತುಗಳ ಜೋರು ಏನು ಹೇಳಲಿ! ಅವು ಹೊರಟರೆ ನೆರಳು ಇದ್ದಲ್ಲೇ ಉಳಿದು, ಆಮೇಲೆ ಏದುಸಿರು ಬಿಡುತ್ತ ಓಡಿ ಬಂದು ಸೇರಿಕೊಳ್ಳುತ್ತಿತ್ತು. ನಂಬದವರು ಆ ನೆರಳನ್ನೇ ಕೇಳಿಕೊಳ್ಳಲಿ.

ಮಳೆಗಾಲಕ್ಕೆ ಮುಂಚೆ ಗುರುಗಳ ಆಶ್ರಮ ಹೊಳೆದಂಡೆ ಬಿಟ್ಟು ಗುಡ್ಡಕ್ಕೆ ಹೋಗುವುದು ವಾಡಿಕೆ. ಆಶ್ರಮದ ದೀಪವೂ ಉರಿಯುತ್ತಲೇ ಹೋಗಬೇಕು. ಆರದಂತೆ ತಲುಪಿಸಿದ ಶಿಷ್ಯನಿಗೆ ಉಪದೇಶ. ಆರಿಸಿದವನು ಗಂಟು ಕಟ್ಟಿಕೊಂಡು ಊರಿಗೆ.

ಈ ಸಲದ ಪಾಳಿ ಕಲ್ಲೇಶಿಯದು. ಹಟದಲ್ಲಿ ಆಸಾಮಿ ಎತ್ತುಗಳಿಗಿಂತ ಒಂದು ಕೈ ಮೇಲು.

ಗಾಡಿಯ ಕಮಾನಿಗೆ ಸರಪಳಿ ಕಟ್ಟಿ ದೀಪ ತೂಗುಹಾಕಿದರು. ಎಣ್ಣೆ ಅಂಚಿನವರೆಗೂ ಇತ್ತು.

“ಪ್ರಾಣ ಹೋದರೂ ಇದನ್ನು ವಾಲೋಕೆ ಬಿಡಲ್ಲ ಗುರುಗಳೇ,” ಅಂದ ಕಲ್ಲೇಶಿ.

“ಪ್ರಾಣ ನಿನ್ನ ಹತ್ತಿರವೇ ಇರಲಿ. ಎಣ್ಣೆ ನೋಡಿಕೋ.”

ಗುರುಗಳು ಹಗ್ಗ ಸಡಿಲ ಬಿಟ್ಟರು. ಎತ್ತುಗಳು ಚಿಮ್ಮಿದವು. ದೀಪ ಹಿಂದಕ್ಕೆ ವಾಲಿತು. ಕಲ್ಲೇಶಿ ಎರಡೂ ಕೈಯಲ್ಲಿ ಹಿಡಿದು ಅದನ್ನು ನೆಟ್ಟಗೆ ನಿಲ್ಲಿಸಿದ. ಎಣ್ಣೆ ಹಿಂದಿನ ಅಂಚು ದಾಟಿ ಅವನ ತೊಡೆಯ ಮೇಲೆ ಸುರಿಯಿತು.

ಓಟ ಒಂದೇ ಹದಕ್ಕೆ ಬಂದಾಗ ದೀಪ ತಾನಾಗಿಯೇ ನೆಟ್ಟಗಾಯಿತು. ಎಲ್ಲಾ ತನ್ನ ಕೈಬಲ ಅಂದುಕೊಂಡ ಕಲ್ಲೇಶಿ.

ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಲು ಗುರುಗಳು ಹಗ್ಗ ಎಳೆದರು. ದೀಪ ಮುಂದಕ್ಕೆ ವಾಲಿತು. ಅವನು ಇನ್ನೂ ಬಿಗಿಯಾಗಿ ಹಿಡಿದ. ಈ ಸಲ ಮುಂದಿನ ಅಂಚಿನಿಂದ ಸುರಿಯಿತು. ಬತ್ತಿ ಚಟಪಟ ಅಂದು ಸಣ್ಣಗಾಯಿತು.

ಜೊತೆಗೆ ತಂದಿದ್ದ ಕುಡಿಕೆಯಲ್ಲಿ ಉಳಿದಿದ್ದ ಎಣ್ಣೆಯನ್ನೆಲ್ಲ ಸುರಿದು ಗುರುಗಳು ದೀಪವನ್ನು ಮತ್ತೆ ತುಂಬಿಸಿದರು. ಇನ್ನು ಹನಿಯೂ ಇರಲಿಲ್ಲ.

“ಗಾಡಿ ನೀನು ಹೊಡಿ,” ಅಂದರು.

“ದೀಪ ಯಾರು ಹಿಡಿಯೋದು?”

ಗುರುಗಳು ಹಿಂದೆ ಹೋಗಿ ಕೈ ಕಟ್ಟಿಕೊಂಡು ಕೂತರು.

ಕಲ್ಲೇಶಿ ಹಲ್ಲು ಕಚ್ಚಿ ಹಗ್ಗ ಹಿಡಿದ. ಎತ್ತುಗಳು ನೆಗೆದವು. ತಿರುಗಿ ನೋಡಿದರೆ ದೀಪ ಆಗಲೇ ವಾಲಿದೆ. ಕೈ ತುಡಿಯಿತು. ಆದರೆ ಹಗ್ಗ ಬಿಟ್ಟರೆ ಗಾಡಿಯೇ ಕಂದಕಕ್ಕೆ. ಅವನು ಬಿಡಲಿಲ್ಲ.

ಮತ್ತೆ ನೋಡಿದ. ದೀಪ ವಾಲಿದಷ್ಟೇ ಒಳಗಿನ ಎಣ್ಣೆಯೂ ವಾಲಿತ್ತು. ಸುತ್ತಲೂ ಅಂಚಿಗೆ ಸರಿಸಮ. ಒಂದು ತೊಟ್ಟೂ ಚೆಲ್ಲಿರಲಿಲ್ಲ.

ಗುಡ್ಡದ ತಲೆ ಮುಟ್ಟಿದಾಗ ದೀಪ ಉರಿಯುತ್ತಿತ್ತು. ಎತ್ತುಗಳ ನೆರಳು ಇನ್ನೂ ಅರ್ಧ ದಾರಿಯಲ್ಲಿತ್ತು.

“ಅಷ್ಟು ಗಟ್ಟಿಯಾಗಿ ನೆಟ್ಟಗೆ ಹಿಡಿದರೂ ಚೆಲ್ಲಿತು,” ಅಂದ ಕಲ್ಲೇಶಿ. “ಯಾರೂ ಹಿಡಿಯದೆ ಹೇಗೆ ಉಳೀತು ಗುರುಗಳೇ?”

ಗುರುಗಳು ಸರಪಳಿ ಬಿಚ್ಚಿ ದೀಪವನ್ನು ಅವನ ಕೈಗೆ ಕೊಟ್ಟರು.

“ದೀಪ ಗಾಡಿ ಹತ್ತಿತ್ತು ಮಗಾ. ನೀನಿನ್ನೂ ಹೊಳೆದಂಡೆಯಲ್ಲೇ ನಿಂತು ಯಾವುದು ನೆಟ್ಟಗೆ ಅಂತ ನೋಡುತ್ತಿದ್ದೆ.”